ವರ್ಡ್ ಕಡತವನ್ನು ಪಿಡಿಎಫ್ ಮಾಡಲು ಯಾವ ತಂತ್ರಾಂಶ? ಆರಿಸಿಕೊಳ್ಳುವ ಬಗೆ

ವರ್ಡ್‌ನಲ್ಲಿ ಸಿದ್ಧಪಡಿಸಿದ ಕಡತವನ್ನು ಹಾಗೆಯೇ ಇನ್ನೊಬ್ಬರಿಗೆ ಕಳುಹಿಸಿದರೆ, ನಿಮಗೆ ಕಂಡಂತೆಯೇ ಅವರಿಗೂ ಕಾಣುತ್ತದೆ ಎಂಬ ಭರವಸೆಯಿಲ್ಲ. ನಲವತ್ತು ಪುಟ ಇದ್ದದ್ದು ನಲವತ್ತೆರಡಾಗಬಹುದು. ಕೋಷ್ಟಕದ ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರಬಹುದು. ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಬಂದು ಕೂರಬಹುದು. ವರ್ಡ್ ಕಡತದಲ್ಲಿ ಇರುವುದು ಪಠ್ಯ ಮತ್ತು ಅದನ್ನು ಜೋಡಿಸುವ ಸೂಚನೆಗಳು. ಯಾವ ಸಾಲು ಎಲ್ಲಿ ಮುರಿಯಬೇಕೆಂಬುದನ್ನು ಅದನ್ನು ತೆರೆದ ಪ್ರತಿ ಕಂಪ್ಯೂಟರೂ ತನ್ನಲ್ಲಿರುವ ಫಾಂಟ್‌ಗಳನ್ನು ನೋಡಿಕೊಂಡು ಹೊಸದಾಗಿ ಲೆಕ್ಕ ಹಾಕುತ್ತದೆ. ಪಿಡಿಎಫ್‌ನಲ್ಲಿ ಈ ಲೆಕ್ಕ ಮೊದಲೇ ಮುಗಿದಿರುತ್ತದೆ. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕೆಂಬುದನ್ನು ಅದರೊಳಗೆ ಬರೆದಿಟ್ಟಿರುತ್ತದೆ.

ಅಡೋಬಿ ಕಂಪನಿ 1993ರಲ್ಲಿ ಹೊರತಂದ ಪಿಡಿಎಫ್, 2008ರಲ್ಲಿ ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಪಿಡಿಎಫ್ ತಯಾರಿಸುವ ತಂತ್ರಾಂಶವನ್ನು ಇವತ್ತು ಯಾರು ಬೇಕಾದರೂ ಬರೆಯಬಹುದು. ಹಾಗಾಗಿ ಹುಡುಕಲು ಹೊರಟರೆ ರಾಶಿ ರಾಶಿ ಸಿಗುತ್ತವೆ. ಎಲ್ಲವೂ ಪಿಡಿಎಫ್ ಮಾಡಿಕೊಡುತ್ತವೆ ಎನ್ನುವುದೂ ನಿಜ. ಆದರೆ ಹೊರಬರುವ ಕಡತಗಳ ಗುಣ ಒಂದೇ ಅಲ್ಲ. ಒಂದರಲ್ಲಿ ಪರಿವಿಡಿಯ ಮೇಲೆ ಕ್ಲಿಕ್ಕಿಸಿದರೆ ಅಧ್ಯಾಯಕ್ಕೆ ಹೋಗುತ್ತದೆ, ಇನ್ನೊಂದರಲ್ಲಿ ಅಲುಗಾಡುವುದಿಲ್ಲ. ಒಂದರಲ್ಲಿ ಪದ ಹುಡುಕಿದರೆ ಸಿಗುತ್ತದೆ, ಇನ್ನೊಂದರಲ್ಲಿ ಅದೇ ಪದ ಕಣ್ಣೆದುರಿಗಿದ್ದರೂ ಸಿಗುವುದಿಲ್ಲ. ಪುಟ ನೋಡಲು ಎರಡೂ ಒಂದೇ ಥರ ಇರುವುದರಿಂದ ವ್ಯತ್ಯಾಸ ತಿಳಿಯುವುದು ಕಡತ ಕೈದಾಟಿ ಹೋದಮೇಲೆ. ಆಗ ತಡವಾಗಿರುತ್ತದೆ.

ಹೊಸ ತಂತ್ರಾಂಶ ಹುಡುಕುವ ಮೊದಲು ಏನು ಮಾಡಬೇಕು, ಹುಡುಕಲೇಬೇಕಾದರೆ ಹೇಗೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಪಿಡಿಎಫ್ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸಿ

ಓದಿ ಬಿಡುವ ಪತ್ರಕ್ಕೂ ಅಚ್ಚಿಗೆ ಹೋಗುವ ಪುಸ್ತಕಕ್ಕೂ ಇಪ್ಪತ್ತು ವರ್ಷ ಉಳಿಯಬೇಕಾದ ದಾಖಲೆಗೂ ಬೇಕಾದ ಪಿಡಿಎಫ್ ಬೇರೆ ಬೇರೆ. ಪರದೆಯ ಮೇಲೆ ಓದುವುದಕ್ಕಾದರೆ ಲಿಂಕ್‌ಗಳು ಕೆಲಸ ಮಾಡಬೇಕು, ಕಡತದ ಗಾತ್ರ ಚಿಕ್ಕದಿರಬೇಕು. ಅಚ್ಚಿಗಾದರೆ ಚಿತ್ರಗಳ ಸ್ಪಷ್ಟತೆ ಉಳಿಯಬೇಕು, ಗಾತ್ರದ ಚಿಂತೆ ಬೇಡ. ಸಂಗ್ರಹಕ್ಕಾದರೆ ಫಾಂಟ್‌ಗಳೆಲ್ಲ ಕಡತದೊಳಗೇ ಇರಬೇಕು. ಪರದೆ ಓದುವ ತಂತ್ರಾಂಶ ಬಳಸುವ ಅಂಧ ಓದುಗರಿಗೂ ತಲುಪಬೇಕಾದರೆ ಶೀರ್ಷಿಕೆ, ಪಟ್ಟಿ, ಕೋಷ್ಟಕಗಳ ರಚನೆ ಪಿಡಿಎಫ್‌ನೊಳಗೆ ದಾಖಲಾಗಿರಬೇಕು.

ಕಡತ ಸ್ವೀಕರಿಸುವವರು ಏನಾದರೂ ನಿಯಮ ಕೊಟ್ಟಿದ್ದಾರೆಯೇ ಎಂದು ಈಗಲೇ ಕೇಳಿಕೊಳ್ಳಿ. ಗರಿಷ್ಠ ಗಾತ್ರ ಇಷ್ಟು, ಪುಟದ ಅಳತೆ ಎ4, ಪಿಡಿಎಫ್/ಎ (ದೀರ್ಘಕಾಲದ ಸಂಗ್ರಹಕ್ಕೆಂದು ರೂಪಿಸಿದ ಬಗೆ) ಆಗಿರಬೇಕು, ಪಾಸ್‌ವರ್ಡ್ ಇರಬಾರದು ಎಂಬಂಥ ಷರತ್ತುಗಳು ಆಯ್ಕೆಯನ್ನು ಅರ್ಧಕ್ಕಿಳಿಸುತ್ತವೆ.

ಹಂತ 2: ಕಡತ ಯಾವುದರಲ್ಲಿ ಬರೆದಿದೆಯೋ ಅದರಲ್ಲೇ ಮೊದಲು ಮಾಡಿ ನೋಡಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಡತವನ್ನು ಬರೆದ ತಂತ್ರಾಂಶಕ್ಕೆ ಅದರ ಒಳಗಿನ ಶೀರ್ಷಿಕೆ, ಅಡಿಟಿಪ್ಪಣಿ, ಲಿಂಕ್, ಪುಟಸಂಖ್ಯೆ ಎಲ್ಲವೂ ಗೊತ್ತು. ಬೇರೆ ಯಾವುದೇ ತಂತ್ರಾಂಶ ಆ ಕಡತವನ್ನು ಮೊದಲು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡು, ಪುಟಗಳನ್ನು ಮತ್ತೆ ಜೋಡಿಸಿ, ಆಮೇಲೆ ಪಿಡಿಎಫ್ ಮಾಡುತ್ತದೆ. ತಪ್ಪುಗಳು ನುಸುಳುವುದು ಆ ನಡುವಿನ ಹೆಜ್ಜೆಯಲ್ಲಿ. ವರ್ಡ್‌ನ ಕಡತವನ್ನು ವರ್ಡ್‌ನಲ್ಲಿ, ವರ್ಡ್‌ನಂಥದೇ ಆದ ಲಿಬ್ರೆ ಆಫೀಸ್‌ನ ಕಡತವನ್ನು ಲಿಬ್ರೆ ಆಫೀಸ್‌ನಲ್ಲಿ, ಆ್ಯಪಲ್‌ನ ಪೇಜಸ್‌ನ ಕಡತವನ್ನು ಪೇಜಸ್‌ನಲ್ಲಿ ಪಿಡಿಎಫ್ ಮಾಡುವುದೇ ಸುರಕ್ಷಿತ. ಬಹಳಷ್ಟು ಜನರಿಗೆ ಇದರಾಚೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ವರ್ಡ್: ಪಿಡಿಎಫ್ ಮಾಡುವ ಸೌಲಭ್ಯ ಮೊದಲಿಗೆ ವರ್ಡ್ 2007ರಲ್ಲಿ ಪ್ರತ್ಯೇಕ ಸೇರ್ಪಡೆಯಾಗಿ ಬಂತು, ವರ್ಡ್ 2010ರಿಂದ ಈಚೆಗೆ ತಂತ್ರಾಂಶದ ಜೊತೆಗೇ ಇದೆ. ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಅಥವಾ ಸೇವ್ ಆ್ಯಸ್ ಆರಿಸಿ, ಕಡತದ ಬಗೆಯಾಗಿ ಪಿಡಿಎಫ್ ಆಯ್ದುಕೊಂಡರೆ ಆಯಿತು. ಆದರೆ ಅಲ್ಲಿಗೇ ನಿಲ್ಲಬೇಡಿ. ಅದೇ ಕಿಟಕಿಯಲ್ಲಿ ಆಪ್ಷನ್ಸ್ ಎಂಬ ಚಿಕ್ಕ ಗುಂಡಿ ಇರುತ್ತದೆ. ಅದನ್ನು ತೆರೆಯದವರೇ ಹೆಚ್ಚು. ಶೀರ್ಷಿಕೆಗಳಿಂದ ಬುಕ್‌ಮಾರ್ಕ್ ಮಾಡುವ ಆಯ್ಕೆ, ಶೀರ್ಷಿಕೆ, ಪಟ್ಟಿಗಳ ರಚನೆಯನ್ನು ಹೇಳುವ ಟ್ಯಾಗ್‌ಗಳನ್ನು ಸೇರಿಸುವ ಆಯ್ಕೆ, ಪಿಡಿಎಫ್/ಎ ಮಾಡುವ ಆಯ್ಕೆ, ಪಾಸ್‌ವರ್ಡ್ ಹಾಕುವ ಆಯ್ಕೆ ಎಲ್ಲವೂ ಅದರೊಳಗಿವೆ. ಬುಕ್‌ಮಾರ್ಕ್ ಆಯ್ಕೆಯನ್ನು ಸಾಮಾನ್ಯವಾಗಿ ನೀವೇ ಗುರುತು ಹಾಕಿ ಆನ್ ಮಾಡಬೇಕು. ಉದ್ದದ ವರದಿಗೆ ಇದು ತುಂಬ ಉಪಯುಕ್ತ: ಓದುಗರ ಪರದೆಯ ಎಡಬದಿಯಲ್ಲಿ ಅಧ್ಯಾಯಗಳ ಪಟ್ಟಿ ಬಂದು ನಿಲ್ಲುತ್ತದೆ.

ಮ್ಯಾಕ್‌ನ ವರ್ಡ್‌ನಲ್ಲಿ ಪಿಡಿಎಫ್ ಉಳಿಸುವಾಗ ಎರಡು ದಾರಿಗಳು ಕಾಣುತ್ತವೆ. ಒಂದು ಮುದ್ರಣಕ್ಕೆ ಸೂಕ್ತವಾದದ್ದು. ಇನ್ನೊಂದು ಪರದೆಯ ಓದಿಗೆ ಮತ್ತು ಪ್ರವೇಶಸಾಧ್ಯತೆಗೆ (ಅಂಧರೂ ಸೇರಿ ಎಲ್ಲರೂ ಓದುವಂತಿರುವುದಕ್ಕೆ) ಸೂಕ್ತವಾದದ್ದು. ಎರಡನೆಯದು ಲಿಂಕ್, ಟ್ಯಾಗ್‌ಗಳನ್ನು ಚೆನ್ನಾಗಿ ಉಳಿಸುತ್ತದೆ, ಆದರೆ ಅದಕ್ಕಾಗಿ ಕಡತವನ್ನು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸೇವೆಗೆ ಕಳುಹಿಸುತ್ತದೆ. ಈ ವಿಷಯ ಅಲ್ಲೇ ಬರೆದಿರುತ್ತದೆ. ಗೋಪ್ಯ ದಾಖಲೆಯಾದರೆ ಗಮನಿಸಿಯೇ ಮುಂದುವರಿಯಿರಿ.

ಲಿಬ್ರೆ ಆಫೀಸ್: ಇದು ಉಚಿತ. ಪಿಡಿಎಫ್ ವಿಷಯದಲ್ಲಿ ಆಯ್ಕೆಗಳು ವರ್ಡ್‌ಗಿಂತ ಹೆಚ್ಚು. ಟೂಲ್‌ಬಾರಿನಲ್ಲಿರುವ ಪಿಡಿಎಫ್ ಗುಂಡಿ ಒತ್ತಿದರೆ ಕಡತದ ಹೆಸರು ಬಿಟ್ಟರೆ ಬೇರೆ ಯಾವ ಪ್ರಶ್ನೆಯೂ ಬಾರದೆ ನೇರವಾಗಿ ಕಡತ ಸಿದ್ಧವಾಗುತ್ತದೆ. ಆಯ್ಕೆಗಳು ಬೇಕಿದ್ದರೆ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಮೂಲಕ ಹೋಗಬೇಕು. ಚಿತ್ರಗಳ ಗುಣಮಟ್ಟ, ಪುಟಗಳ ವ್ಯಾಪ್ತಿ, ತೆರೆದ ಕೂಡಲೇ ಹೇಗೆ ಕಾಣಬೇಕು, ಪಾಸ್‌ವರ್ಡ್, ಡಿಜಿಟಲ್ ಸಹಿ ಎಲ್ಲಕ್ಕೂ ಅಲ್ಲಿ ಜಾಗವಿದೆ. ತುಂಬಿಸಬಹುದಾದ ಅರ್ಜಿ ನಮೂನೆ ಬೇಕಿದ್ದವರಿಗೆ ಇದು ವರ್ಡ್‌ಗಿಂತ ಒಳ್ಳೆಯದು. ವರ್ಡ್‌ನಲ್ಲಿ ಹಾಕಿದ ಖಾಲಿ ಜಾಗಗಳು ಪಿಡಿಎಫ್ ಆದಮೇಲೆ ತುಂಬಿಸುವ ಜಾಗಗಳಾಗಿ ಉಳಿಯುವುದಿಲ್ಲ. ಲಿಬ್ರೆ ಆಫೀಸ್‌ನಲ್ಲಿ ಫಾರ್ಮ್ ಆಗಿ ಮಾಡಿದರೆ ಉಳಿಯುತ್ತವೆ.

ವರ್ಡ್ ಇಲ್ಲದವರು ವರ್ಡ್ ಕಡತವನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆದು ಪಿಡಿಎಫ್ ಮಾಡಬಹುದು, ಸರಳ ಕಡತಗಳಲ್ಲಿ ತೊಂದರೆಯಾಗದು. ಪುಟಗಳು ಕದಲದಿರಲು ಫಾಂಟ್‌ಗಳ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಟೈಮ್ಸ್ ನ್ಯೂ ರೋಮನ್, ಏರಿಯಲ್ ಇಲ್ಲದಿದ್ದರೆ ಅವುಗಳ ಜಾಗಕ್ಕೆ ಲಿಬರೇಶನ್ ಫಾಂಟ್‌ಗಳೂ, ಕ್ಯಾಲಿಬ್ರಿ, ಕೇಂಬ್ರಿಯಾಗಳ ಜಾಗಕ್ಕೆ ಕಾರ್ಲಿಟೊ, ಕಲಾಡಿಯಾಗಳೂ ಬರುತ್ತವೆ. ಅಕ್ಷರಗಳ ಅಗಲ ಒಂದೇ ಇರುವಂತೆ ಇವುಗಳನ್ನು ರಚಿಸಿರುವುದರಿಂದ ಸಾಲುಗಳು ಮುರಿಯುವ ಜಾಗ ಬದಲಾಗುವುದಿಲ್ಲ. ಬೇರೆ ಬಹುತೇಕ ಫಾಂಟ್‌ಗಳಿಗೆ ಇಂಥ ಜೋಡಿ ಇಲ್ಲ. ಹಾಗಿದ್ದಾಗ ಬರೆದವರಿಂದ ಆ ಫಾಂಟನ್ನೂ ತರಿಸಿಕೊಂಡು ಹಾಕಿಕೊಳ್ಳುವುದೇ ದಾರಿ.

ಗೂಗಲ್ ಡಾಕ್ಸ್: ಫೈಲ್ ಮೆನುವಿನ ಡೌನ್‌ಲೋಡ್‌ನಲ್ಲಿ ಪಿಡಿಎಫ್ ಇದೆ. ಯಾವ ಆಯ್ಕೆಯನ್ನೂ ಕೇಳುವುದಿಲ್ಲ. ಅಲ್ಲೇ ಬರೆದ ಕಡತಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಸಂಕೀರ್ಣ ವರ್ಡ್ ಕಡತವನ್ನು ಅಲ್ಲಿಗೆ ಹಾಕಿ ಪಿಡಿಎಫ್ ಇಳಿಸಿಕೊಳ್ಳುವುದನ್ನು ನಾನು ಸೂಚಿಸುವುದಿಲ್ಲ. ಅಲ್ಲಿ ಇಲ್ಲದ ಫಾಂಟ್‌ಗಳ ಜಾಗಕ್ಕೆ ಬೇರೆಯವು ಬರುತ್ತವೆ, ಪುಟಗಳು ಕದಲುತ್ತವೆ.

ಮೊಬೈಲಿನಲ್ಲೂ ವರ್ಡ್, ಗೂಗಲ್ ಡಾಕ್ಸ್ ಆ್ಯಪ್‌ಗಳು ಪಿಡಿಎಫ್ ಮಾಡುತ್ತವೆ. ಫೋನಿನಲ್ಲಿ ಇರುವ ಫಾಂಟ್‌ಗಳು ಕಡಿಮೆ, ಆದ್ದರಿಂದ ತುರ್ತಿಗೆ ಮಾತ್ರ ಬಳಸಿ.

ಹಂತ 3: ಪ್ರಿಂಟ್ ದಾರಿಯನ್ನೂ ಎಕ್ಸ್‌ಪೋರ್ಟ್ ದಾರಿಯನ್ನೂ ಒಂದೇ ಎಂದುಕೊಳ್ಳಬೇಡಿ

ವಿಂಡೋಸ್ 10ರಿಂದ ಈಚೆಗೆ ಪ್ರಿಂಟರ್‌ಗಳ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಎಂಬುದು ಇರುತ್ತದೆ. ಮ್ಯಾಕ್‌ನ ಪ್ರಿಂಟ್ ಕಿಟಕಿಯಲ್ಲೂ ಪಿಡಿಎಫ್ ಆಗಿ ಉಳಿಸುವ ಅವಕಾಶವಿದೆ. ಪಿಡಿಎಫ್ ಕ್ರಿಯೇಟರ್, ಡೂಪಿಡಿಎಫ್ ಮುಂತಾದ ಪ್ರತ್ಯೇಕ ತಂತ್ರಾಂಶಗಳೂ ಹೀಗೆ ಪ್ರಿಂಟರ್‌ನ ರೂಪದಲ್ಲೇ ಬಂದು ಕೂರುತ್ತವೆ. ಯಾವ ತಂತ್ರಾಂಶದಿಂದ ಬೇಕಾದರೂ ಬಳಸಬಹುದಾದ್ದರಿಂದ ಇವು ಜನಪ್ರಿಯ.

ಆದರೆ ಪ್ರಿಂಟರ್‌ಗೆ ಹೋಗುವುದು ಕಾಗದದ ಮೇಲೆ ಮೂಡಬೇಕಾದ ಅಕ್ಷರ, ಗೆರೆ, ಚಿತ್ರಗಳು ಮಾತ್ರ. ಕಾಗದದ ಮೇಲೆ ಲಿಂಕ್ ಇರಲು ಸಾಧ್ಯವಿಲ್ಲ. ಆದ್ದರಿಂದ ಈ ದಾರಿಯಲ್ಲಿ ಮಾಡಿದ ಪಿಡಿಎಫ್‌ನಲ್ಲಿ ಪರಿವಿಡಿಯ ಲಿಂಕ್‌ಗಳು, ಬುಕ್‌ಮಾರ್ಕ್‌ಗಳು, ಶೀರ್ಷಿಕೆಗಳ ರಚನೆ ಸಾಮಾನ್ಯವಾಗಿ ಕಳಚಿಹೋಗುತ್ತವೆ. ಅಂಧ ಓದುಗರಿಗೆ ಅಂಥ ಕಡತ ತಲೆಬುಡವಿಲ್ಲದ ಅಕ್ಷರಗಳ ಸಾಲಾಗುತ್ತದೆ. ಎಕ್ಸ್‌ಪೋರ್ಟ್ ಸೌಲಭ್ಯ ಕೈಯಲ್ಲೇ ಇದ್ದರೂ ಪ್ರಿಂಟ್ ದಾರಿಯನ್ನೇ ಹಿಡಿಯುವ ಅಭ್ಯಾಸ ತುಂಬ ಹರಡಿದೆ. ನನ್ನ ದೃಷ್ಟಿಯಲ್ಲಿ ಕೆಟ್ಟ ಪಿಡಿಎಫ್‌ಗಳಿಗೆ ಇದು ದೊಡ್ಡ ಕಾರಣ.

ಪ್ರಿಂಟ್ ದಾರಿಯ ಉಪಯೋಗ ಬೇರೆ ಕಡೆ ಇದೆ. ಎಕ್ಸ್‌ಪೋರ್ಟ್ ಸೌಲಭ್ಯವೇ ಇಲ್ಲದ ಹಳೆಯ ತಂತ್ರಾಂಶದಿಂದ ಪುಟ ತೆಗೆಯಬೇಕಾದಾಗ, ಒಂದು ಹಾಳೆಯಲ್ಲಿ ಎರಡು ನಾಲ್ಕು ಪುಟ ಹೊಂದಿಸಬೇಕಾದಾಗ ಅದನ್ನು ಬಳಸಿ.

ಹಂತ 4: ನಿಮ್ಮದೇ ಕಷ್ಟದ ಕಡತವೊಂದನ್ನು ಪರೀಕ್ಷೆಗೆ ಹಚ್ಚಿ

ತಂತ್ರಾಂಶದ ಗುಣವಿಶೇಷಗಳ ಪಟ್ಟಿ ಓದಿ ಆರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಎರಡು ಪುಟದ ಸರಳ ಪತ್ರವನ್ನು ಎಲ್ಲ ತಂತ್ರಾಂಶಗಳೂ ಚೆನ್ನಾಗಿಯೇ ಪಿಡಿಎಫ್ ಮಾಡುತ್ತವೆ. ನಿಮ್ಮ ಹಳೆಯ ಕಡತಗಳಲ್ಲಿ ಅತ್ಯಂತ ತೊಡಕಿನದನ್ನು ಎತ್ತಿಕೊಳ್ಳಿ. ಪರಿವಿಡಿ, ಅಡಿಟಿಪ್ಪಣಿ, ಎರಡು ಪುಟಗಳಿಗೆ ಹಬ್ಬಿದ ಕೋಷ್ಟಕ, ನಡುವೆ ಅಡ್ಡ ತಿರುಗಿಸಿದ ಒಂದು ಪುಟ, ನೆರಳಿರುವ ಅಥವಾ ಪಾರದರ್ಶಕ ಹಿನ್ನೆಲೆಯ ಚಿತ್ರ, ಜಾಲತಾಣದ ಲಿಂಕ್, ಕನ್ನಡ ಮತ್ತು ಇಂಗ್ಲಿಷ್ ಬೆರೆತ ಸಾಲುಗಳು, ದಪ್ಪಕ್ಷರ ಇವೆಲ್ಲ ಅದರಲ್ಲಿರಲಿ. ಅಂಥ ಕಡತ ಇಲ್ಲದಿದ್ದರೆ ಐದಾರು ಪುಟಗಳದ್ದೊಂದನ್ನು ಇದಕ್ಕೆಂದೇ ಮಾಡಿಟ್ಟುಕೊಳ್ಳಿ. ಮುಂದೆಯೂ ಬೇಕಾಗುತ್ತದೆ.

ಪರಿವರ್ತಿಸುವ ಮೊದಲು ಪರಿವಿಡಿಯನ್ನು ಹೊಸದಾಗಿಸಿ. ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆಯ್ದುಕೊಂಡು ಎಫ್9 ಒತ್ತಿದರೆ ಪುಟಸಂಖ್ಯೆಗಳು ಸರಿಯಾಗುತ್ತವೆ. ತಿದ್ದುಪಡಿಗಳ ಗುರುತು ಆನ್ ಆಗಿದ್ದರೆ ಅವುಗಳನ್ನು ಒಪ್ಪಿಕೊಳ್ಳಿ ಇಲ್ಲವೇ ತಳ್ಳಿಹಾಕಿ. ಹಾಗೆ ಬಿಟ್ಟರೆ ಹೊಡೆದುಹಾಕಿದ ಸಾಲುಗಳೂ ಅಂಚಿನ ಟಿಪ್ಪಣಿಗಳೂ ಪಿಡಿಎಫ್‌ನಲ್ಲಿ ಬರಬಹುದು.

ಈಗ ಹೊರಬಂದ ಪಿಡಿಎಫ್ ಅನ್ನು ಕನಿಷ್ಠ ಎರಡು ಬೇರೆ ಬೇರೆ ತಂತ್ರಾಂಶಗಳಲ್ಲಿ ತೆರೆಯಿರಿ. ಫೈರ್‌ಫಾಕ್ಸ್, ಕ್ರೋಮ್ ಬ್ರೌಸರುಗಳೇ ಪಿಡಿಎಫ್ ತೆರೆಯುತ್ತವೆ. ಜೊತೆಗೆ ಅಡೋಬಿ ರೀಡರ್ ಅಥವಾ ಸುಮಾತ್ರಾ ಪಿಡಿಎಫ್ ಇಟ್ಟುಕೊಳ್ಳಿ. ಮೊದಲು ಒಟ್ಟು ಪುಟಗಳ ಸಂಖ್ಯೆಯನ್ನು ಮೂಲದೊಂದಿಗೆ ಹೋಲಿಸಿ. ಆಮೇಲೆ ಪ್ರತಿ ಪುಟದ ಕೊನೆಯ ಸಾಲು ಮೂಲದ ಕೊನೆಯ ಸಾಲೇ ಆಗಿದೆಯೇ ನೋಡಿ. ಏನಾದರೂ ಕದಲಿದ್ದರೆ ಇಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ, ಇಡೀ ಪುಟ ಓದಬೇಕಾಗಿಲ್ಲ. ಪರಿವಿಡಿಯ ಒಂದೆರಡು ಸಾಲುಗಳ ಮೇಲೆ ಕ್ಲಿಕ್ಕಿಸಿ. ಪುಟವನ್ನು ನಾನೂರು ಪ್ರತಿಶತ ಹಿಗ್ಗಿಸಿ; ಅಕ್ಷರಗಳ ಅಂಚು ಚೂಪಾಗಿಯೇ ಉಳಿದರೆ ಸರಿ, ಮಸುಕಾದರೆ ಆ ತಂತ್ರಾಂಶ ಪಠ್ಯವನ್ನು ಚಿತ್ರವಾಗಿಸಿದೆ ಎಂದರ್ಥ. ಅಂಥದ್ದನ್ನು ಅಲ್ಲಿಗೇ ಕೈಬಿಡಿ. ಪುಟದ ಅಳತೆಯನ್ನೂ ನೋಡಿ: ಎ4 ಎಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಕೆಲವು ತಂತ್ರಾಂಶಗಳು ಸುಮ್ಮನೆ ಅಮೆರಿಕದ ಲೆಟರ್ ಅಳತೆಗೆ ಬದಲಿಸಿಬಿಡುತ್ತವೆ. ಅದು ಎ4ಗಿಂತ ಸುಮಾರು 18 ಮಿ.ಮೀ. ಗಿಡ್ಡ, 6 ಮಿ.ಮೀ. ಅಗಲ.

ಕೊನೆಗೆ, ಒಂದು ಪ್ಯಾರಾವನ್ನು ಆಯ್ದು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡದ ಕಡತಗಳಿಗೆ ಇದೇ ಅಗ್ನಿಪರೀಕ್ಷೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು.

ಹಂತ 5: ಫಾಂಟ್ ಮತ್ತು ಕನ್ನಡದ ಅಕ್ಷರಗಳು

ಪಿಡಿಎಫ್‌ನೊಳಗೆ ಸಾಮಾನ್ಯವಾಗಿ ಇರುವುದು ಅಕ್ಷರಗಳ ಆಕಾರಗಳ ಸಂಖ್ಯೆಗಳು ಮತ್ತು ಅವುಗಳ ಜಾಗ. ಯಾವ ಆಕಾರ ಯಾವ ಅಕ್ಷರಕ್ಕೆ ಸೇರಿದ್ದು ಎಂಬ ಪಟ್ಟಿಯೂ ಜೊತೆಗಿರಬೇಕು. ಹುಡುಕುವುದು, ಕಾಪಿ ಮಾಡುವುದು, ಗಟ್ಟಿಯಾಗಿ ಓದಿಸುವುದು ಎಲ್ಲವೂ ಆ ಪಟ್ಟಿಯನ್ನು ನಂಬಿಕೊಂಡಿವೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಆಕಾರ, ಬರೆದ ಕ್ರಮವೇ ಕಾಣುವ ಕ್ರಮ. ಕನ್ನಡದಲ್ಲಿ ಹಾಗಲ್ಲ. 'ಕ್ಷ' ನೋಡಲು ಒಂದೇ ಆಕಾರ, ಒಳಗೆ ಮೂರು ಸಂಕೇತಗಳು. 'ಸೂರ್ಯ' ಎಂಬಲ್ಲಿ 'ರ' ಮೊದಲು ದಾಖಲಾಗುತ್ತದೆ, ಆದರೆ ಅರ್ಕಾವತ್ತು ಕಾಣುವುದು 'ಯ' ಆದಮೇಲೆ. ಪಿಡಿಎಫ್ ಮಾಡುವ ತಂತ್ರಾಂಶ ಕಾಣುವ ಕ್ರಮವನ್ನಷ್ಟೇ ದಾಖಲಿಸಿದರೆ ಕಾಪಿ ಮಾಡಿದಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರಗಳು ಚದುರುತ್ತವೆ. ಪುಟದಲ್ಲಿ 'ಕಾರ್ಯದರ್ಶಿ' ಎಂದು ಸ್ಪಷ್ಟವಾಗಿ ಕಾಣುತ್ತಿದ್ದರೂ ಹುಡುಕಿದರೆ ಸಿಗದಿರುವುದಕ್ಕೆ ಇದೇ ಕಾರಣ. ನಿಜವಾದ ಪಠ್ಯವನ್ನು ಆಕಾರಗಳ ಜೊತೆಗೆ ಬರೆದಿಡುವ ವ್ಯವಸ್ಥೆ ಪಿಡಿಎಫ್ ಮಾನಕದಲ್ಲೇ ಇದೆ. ಅದನ್ನು ಬಳಸುವ ತಂತ್ರಾಂಶಗಳೂ ಇವೆ, ಬಳಸದವೂ ಇವೆ.

ಆದ್ದರಿಂದ ಪರೀಕ್ಷೆಯ ಕಡತದಲ್ಲಿ ಸೂರ್ಯ, ಕಾರ್ಯದರ್ಶಿ, ರಾಷ್ಟ್ರೀಯ, ಸ್ವಾತಂತ್ರ್ಯ, ಜ್ಞಾನ, ಕೊಡುಗೆ, ಪ್ರಶ್ನೆ ಇಂಥ ಪದಗಳನ್ನು ಸೇರಿಸಿ. ಪಿಡಿಎಫ್ ಆದಮೇಲೆ ಕಂಟ್ರೋಲ್ ಮತ್ತು ಎಫ್ ಒತ್ತಿ ಒಂದೊಂದನ್ನೂ ಹುಡುಕಿ. ಹೆಚ್ಚು ಪದಗಳನ್ನು ಸರಿಯಾಗಿ ಹಿಡಿದುಕೊಡುವ ತಂತ್ರಾಂಶವನ್ನೇ ಆರಿಸಿಕೊಳ್ಳಿ. ಇದೊಂದು ಗುಣಕ್ಕಾಗಿ ಬೇರೆ ಸಣ್ಣಪುಟ್ಟ ಕೊರತೆಗಳನ್ನು ಸಹಿಸಿಕೊಳ್ಳಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ. ಹುಡುಕಿದರೆ ಸಿಗದ ಕನ್ನಡ ದಾಖಲೆ ಇದ್ದೂ ಇಲ್ಲದಂತೆ. ಪರೀಕ್ಷಿಸುವಾಗ ಒಂದೇ ಓದುವ ತಂತ್ರಾಂಶವನ್ನು ನೆಚ್ಚಬೇಡಿ, ಏಕೆಂದರೆ ಆಕಾರಗಳಿಂದ ಪಠ್ಯವನ್ನು ಮತ್ತೆ ಕಟ್ಟುವ ರೀತಿ ಅವುಗಳಲ್ಲೂ ಬೇರೆ ಬೇರೆ.

ಕಡತದಲ್ಲಿ ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಮಾನಕ) ಅಲ್ಲದ ಫಾಂಟ್ ಬಳಸಿದ್ದರೆ ಯಾವ ಪಿಡಿಎಫ್ ತಂತ್ರಾಂಶವೂ ನಿಮ್ಮನ್ನು ಕಾಪಾಡಲಾರದು. ಅಂಥ ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಫಾಂಟು ಅವುಗಳಿಗೆ ಕನ್ನಡದ ರೂಪ ತೊಡಿಸಿರುತ್ತದೆ. ಪಿಡಿಎಫ್‌ನಲ್ಲಿ ನೋಡಲು ಚೆನ್ನಾಗಿರುತ್ತದೆ, ಕಾಪಿ ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಮೊದಲು ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿ. ಅದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಿ, ಏಕೆಂದರೆ ಅಂಕಿಗಳು ಮತ್ತು ನಡುನಡುವಿನ ಇಂಗ್ಲಿಷ್ ಪದಗಳು ಕೆಡುವ ಸಂಭವವಿದೆ. ಆಮೇಲೆ ವಿಂಡೋಸ್‌ನ ನಿರ್ಮಲಾ ಯುಐ ಅಥವಾ ತುಂಗಾ, ಇಲ್ಲವೇ ಉಚಿತವಾಗಿ ಸಿಗುವ ನೋಟೊ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿ ಪಿಡಿಎಫ್ ಮಾಡಿ.

ಫಾಂಟು ಪಿಡಿಎಫ್‌ನೊಳಗೆ ಸೇರಿದೆಯೇ ಎಂದು ತಿಳಿಯುವುದು ಸುಲಭ. ಅಡೋಬಿ ರೀಡರ್‌ನಲ್ಲಿ ಕಡತದ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ವಿಭಾಗ ನೋಡಿ. ಪ್ರತಿ ಹೆಸರಿನ ಮುಂದೆ ಎಂಬೆಡೆಡ್ ಅಥವಾ ಎಂಬೆಡೆಡ್ ಸಬ್‌ಸೆಟ್ ಎಂದಿರಬೇಕು. ಸಬ್‌ಸೆಟ್ ಎಂದರೆ ಬಳಸಿದ ಅಕ್ಷರಗಳನ್ನಷ್ಟೇ ಸೇರಿಸಿದೆ ಎಂದು. ಅದರಿಂದ ಗಾತ್ರ ಉಳಿಯುತ್ತದೆ, ತೊಂದರೆಯೇನಿಲ್ಲ. ಕೆಲವು ಫಾಂಟ್‌ಗಳಲ್ಲಿ ಒಳಸೇರಿಸಲು ಅನುಮತಿ ಇಲ್ಲವೆಂಬ ಗುರುತನ್ನು ತಯಾರಕರೇ ಹಾಕಿರುತ್ತಾರೆ. ಆಗ ವರ್ಡ್ ಆ ಪಠ್ಯವನ್ನು ಚಿತ್ರವಾಗಿಸಬಹುದು. ಅಂಥ ಫಾಂಟನ್ನು ಬಿಟ್ಟು ಬೇರೊಂದನ್ನು ಹಾಕಿಕೊಳ್ಳುವುದೇ ಮೇಲು.

ಹಂತ 6: ಆನ್‌ಲೈನ್ ಪರಿವರ್ತಕ ಬಳಸಬೇಕೇ?

ಬ್ರೌಸರಿನಲ್ಲಿ ಕಡತ ಎಳೆದು ಹಾಕಿದರೆ ಪಿಡಿಎಫ್ ಕೊಡುವ ತಾಣಗಳು ಬೇಕಾದಷ್ಟಿವೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ ಎನ್ನುವುದು ಅವುಗಳ ಅನುಕೂಲ. ಆದರೆ ನಿಮ್ಮ ಕಡತ ಇನ್ನೊಬ್ಬರ ಕಂಪ್ಯೂಟರಿಗೆ ಹೋಗುತ್ತದೆ. ಅದನ್ನು ಎಷ್ಟು ಹೊತ್ತು ಇಟ್ಟುಕೊಳ್ಳುತ್ತಾರೆ, ಯಾರು ನೋಡಬಹುದು, ಅಳಿಸಿದ್ದಾರೆಂದು ನಿಮಗೆ ಹೇಗೆ ಗೊತ್ತಾಗಬೇಕು? ಅವರ ಗೋಪ್ಯತಾ ನೀತಿಯಲ್ಲಿ ಒಳ್ಳೆಯ ಮಾತುಗಳಿದ್ದರೂ ಪರೀಕ್ಷಿಸಿ ನೋಡುವ ದಾರಿ ನಿಮಗಿಲ್ಲ. ಸಂಬಳದ ವಿವರ, ವೈದ್ಯಕೀಯ ವರದಿ, ಒಪ್ಪಂದ, ಪ್ರಶ್ನೆಪತ್ರಿಕೆ, ಬೇರೆಯವರ ವೈಯಕ್ತಿಕ ಮಾಹಿತಿ ಇರುವ ಯಾವುದನ್ನೂ ಅಲ್ಲಿಗೆ ಹಾಕಬೇಡಿ. ಲಿಬ್ರೆ ಆಫೀಸ್ ಉಚಿತವಾಗಿ ಸಿಗುವಾಗ ಈ ಅಪಾಯ ಮೈಮೇಲೆ ಎಳೆದುಕೊಳ್ಳುವ ಅಗತ್ಯವೇ ಇಲ್ಲ.

ಗುಣಮಟ್ಟದ ಪ್ರಶ್ನೆಯೂ ಇದೆ. ನಿಮ್ಮ ಕಡತದ ಫಾಂಟು ಅವರ ಸರ್ವರಿನಲ್ಲಿ ಇರಬೇಕಲ್ಲ? ಇಲ್ಲದಿದ್ದರೆ ಬೇರೆ ಫಾಂಟು ಬರುತ್ತದೆ, ಪುಟಗಳು ಕದಲುತ್ತವೆ. ಬಹಿರಂಗವಾಗಿಯೇ ಹಂಚಲಿರುವ ಸರಳ ಕಡತಕ್ಕೆ, ಬೇರೆ ದಾರಿ ಇಲ್ಲದಾಗ ಬಳಸಬಹುದು, ಅಷ್ಟೇ.

ಇನ್‌ಸ್ಟಾಲ್ ಮಾಡುವ ಉಚಿತ ತಂತ್ರಾಂಶಗಳಲ್ಲಿ ಬೇರೆ ಎಚ್ಚರ ಬೇಕು. ತಯಾರಕರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಆಗುವಾಗ ಬೇರೇನಾದರೂ ಸೇರಿಸುವ ಗುರುತುಗಳಿದ್ದರೆ ತೆಗೆದುಹಾಕಿ. ಪ್ರತಿ ಪುಟದ ಮೇಲೂ ತನ್ನ ಹೆಸರಿನ ಮುದ್ರೆ ಒತ್ತುತ್ತದೆಯೇ, ಇಂತಿಷ್ಟೇ ಪುಟಗಳೆಂಬ ಮಿತಿ ಇದೆಯೇ ಎಂದು ಪರೀಕ್ಷೆಯ ಕಡತದಲ್ಲೇ ನೋಡಿಕೊಳ್ಳಿ.

ಹಂತ 7: ಗಾತ್ರವನ್ನು ಹದಕ್ಕೆ ತನ್ನಿ

ಪಠ್ಯದಿಂದ ಪಿಡಿಎಫ್ ದೊಡ್ಡದಾಗುವುದಿಲ್ಲ, ಚಿತ್ರಗಳಿಂದ ಆಗುತ್ತದೆ. ಒಂದು ಲೆಕ್ಕ ನೋಡಿ. ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೊ ಅಡ್ಡಲಾಗಿ 4000, ಉದ್ದಕ್ಕೆ 3000 ಚುಕ್ಕಿಗಳದ್ದು. ಅದನ್ನು ಪುಟದಲ್ಲಿ 10 ಸೆಂ.ಮೀ. ಅಗಲಕ್ಕೆ ಕೂರಿಸಿದರೆ ಇಂಚಿಗೆ ಸಾವಿರಕ್ಕೂ ಹೆಚ್ಚು ಚುಕ್ಕಿಗಳು ಬೀಳುತ್ತವೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಸಾಕು, ಪರದೆಯ ಓದಿಗೆ 150 ಆದರೂ ನಡೆಯುತ್ತದೆ. 300ಕ್ಕೆ ಇಳಿಸಿದರೆ ಆ ಚಿತ್ರಕ್ಕೆ ಬೇಕಾಗುವುದು 1181 × 886 ಚುಕ್ಕಿಗಳು, ಅಂದರೆ ಮೂಲದ ಹನ್ನೊಂದನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಲಿಬ್ರೆ ಆಫೀಸ್‌ನಲ್ಲಿ ಈ ಅಂಕಿಯನ್ನು ನೀವೇ ಕೊಡಬಹುದು. ವಿಂಡೋಸ್‌ನ ವರ್ಡ್‌ನಲ್ಲಿ ಸ್ಟ್ಯಾಂಡರ್ಡ್ ಮತ್ತು ಮಿನಿಮಮ್ ಸೈಜ್ ಎಂಬ ಎರಡು ಆಯ್ಕೆಗಳಿವೆ. ಅಚ್ಚಿಗೆ ಹೋಗುವುದಾದರೆ ಎರಡನೆಯದನ್ನು ಮುಟ್ಟಬೇಡಿ. ಪರದೆಯ ಚಿತ್ರಗಳು, ನಕ್ಷೆಗಳು, ಗ್ರಾಫ್‌ಗಳು ಇರುವ ಕಡತಕ್ಕೆ ಸ್ವಲ್ಪ ವಿವರ ಕಳೆದು ಗಾತ್ರ ಇಳಿಸುವ ಜೆಪೆಗ್ ಸಂಕೋಚನ ಬೇಡ, ಅಕ್ಷರಗಳ ಸುತ್ತ ಕೊಳೆಯಂಥ ಚುಕ್ಕಿಗಳು ಮೂಡುತ್ತವೆ. ಅಲ್ಲಿ ನಷ್ಟವಿಲ್ಲದ ಸಂಕೋಚನ ಆರಿಸಿ.

ಹಂತ 8: ಉಳಿಯಬೇಕಾದ ಮತ್ತು ಎಲ್ಲರಿಗೂ ತಲುಪಬೇಕಾದ ಕಡತಗಳು

ಪಿಡಿಎಫ್/ಎ ಎನ್ನುವುದು ದೀರ್ಘಕಾಲದ ಸಂಗ್ರಹಕ್ಕೆಂದು ರೂಪಿಸಿದ ಬಗೆ. ಐಎಸ್‌ಒ 19005 ಎಂಬ ಮಾನಕದ ಮೊದಲ ಭಾಗ 2005ರಲ್ಲಿ ಬಂತು. ಫಾಂಟ್‌ಗಳೆಲ್ಲ ಕಡತದೊಳಗೇ ಇರಬೇಕು, ಪಾಸ್‌ವರ್ಡ್ ರಕ್ಷಣೆ ಇರಬಾರದು, ಜಾವಾಸ್ಕ್ರಿಪ್ಟ್ (ಕಡತದೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಇರಬಾರದು ಎಂಬುದು ಅದರ ಮುಖ್ಯ ನಿಯಮಗಳು. ಮೊದಲ ಭಾಗದಲ್ಲಿ ಪಾರದರ್ಶಕ ಚಿತ್ರಗಳಿಗೂ ಅವಕಾಶವಿಲ್ಲ. 2011ರ ಎರಡನೆಯ ಭಾಗ ಅದನ್ನು ಒಪ್ಪುತ್ತದೆ. ಭಾಗದ ಸಂಖ್ಯೆಯ ಜೊತೆಗೆ ಸಾಮಾನ್ಯವಾಗಿ ಒಂದು ಅಕ್ಷರವೂ ಇರುತ್ತದೆ: ಬಿ ಎಂದರೆ ನೋಟ ಉಳಿಯುವ ಭರವಸೆ ಮಾತ್ರ, ಯು ಎಂದರೆ ಪಠ್ಯ ಯೂನಿಕೋಡ್ ಆಗಿ ಸಿಗುವ ಭರವಸೆಯೂ ಸೇರಿದ್ದು, ಎ ಎಂದರೆ ರಚನೆಯ ಟ್ಯಾಗ್‌ಗಳೂ ಇರುವಂಥದ್ದು. ಯಾವುದು ಬೇಕೆಂದು ಸ್ವೀಕರಿಸುವವರನ್ನು ಕೇಳಿ. ತಂತ್ರಾಂಶ ಪಿಡಿಎಫ್/ಎ ಎಂದು ಹೇಳಿಕೊಂಡ ಮಾತ್ರಕ್ಕೆ ನಂಬಬೇಕಿಲ್ಲ. ವೆರಾಪಿಡಿಎಫ್ ಎಂಬ ಉಚಿತ ತಂತ್ರಾಂಶದಿಂದ ತಪಾಸಣೆ ಮಾಡಬಹುದು.

ಪ್ರವೇಶಸಾಧ್ಯತೆಯ ವಿಷಯದಲ್ಲಿ ಅರ್ಧ ಕೆಲಸ ತಂತ್ರಾಂಶದ್ದು, ಅರ್ಧ ಬರೆಯುವವರದ್ದು. ಅಧ್ಯಾಯದ ಹೆಸರನ್ನು ಬರೀ ದಪ್ಪಗೆ ದೊಡ್ಡದಾಗಿ ಬರೆದಿದ್ದರೆ ಅದು ಶೀರ್ಷಿಕೆಯೆಂದು ಯಾವ ತಂತ್ರಾಂಶಕ್ಕೂ ತಿಳಿಯದು. ಹೆಡಿಂಗ್ ಸ್ಟೈಲ್ ಬಳಸಿ, ಚಿತ್ರಗಳಿಗೆ ವಿವರಣೆ ಬರೆಯಿರಿ, ಪಠ್ಯದ ಭಾಷೆ ಕನ್ನಡವೆಂದು ಗುರುತಿಸಿ. ಭಾಷೆಯ ಗುರುತಿಲ್ಲದಿದ್ದರೆ ಪರದೆ ಓದುವ ತಂತ್ರಾಂಶಕ್ಕೆ ಕನ್ನಡದ ದನಿಯಲ್ಲಿ ಓದಬೇಕೆಂದು ತಿಳಿಯದೆ ಹೋಗಬಹುದು. ಆಮೇಲೆ ವರ್ಡ್‌ನಲ್ಲಿ ಟ್ಯಾಗ್ ಆಯ್ಕೆಯನ್ನೂ, ಲಿಬ್ರೆ ಆಫೀಸ್‌ನಲ್ಲಿ ಪ್ರವೇಶಸಾಧ್ಯತೆಗೆಂದೇ ಇರುವ ಪಿಡಿಎಫ್/ಯುಎ ಆಯ್ಕೆಯನ್ನೂ ಆರಿಸಿ.

ಹಂತ 9: ಮುಚ್ಚಿಡಬೇಕಾದದ್ದು ನಿಜವಾಗಿ ಮುಚ್ಚಿದೆಯೇ?

ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್‌ಗಳಿವೆ. ತೆರೆಯಲು ಬೇಕಾಗುವ ಪಾಸ್‌ವರ್ಡ್ ಕಡತವನ್ನು ನಿಜವಾಗಿ ಗೂಢಲಿಪಿಗೆ ಬದಲಿಸುತ್ತದೆ. ಪ್ರಿಂಟ್ ಮಾಡಬಾರದು, ಕಾಪಿ ಮಾಡಬಾರದು ಎಂದು ನಿರ್ಬಂಧಿಸುವ ಎರಡನೆಯದು ಓದುವ ತಂತ್ರಾಂಶದ ಸಹಕಾರವನ್ನೇ ನಂಬಿಕೊಂಡಿದೆ. ಆ ನಿರ್ಬಂಧವನ್ನು ಕಡೆಗಣಿಸುವ ತಂತ್ರಾಂಶಗಳಿವೆ. ರಹಸ್ಯ ಕಾಪಾಡಲು ಮೊದಲನೆಯದನ್ನೇ ಬಳಸಿ, ಪಾಸ್‌ವರ್ಡನ್ನು ಕಡತದ ಜೊತೆ ಅದೇ ಮೇಲ್‌ನಲ್ಲಿ ಕಳುಹಿಸಬೇಡಿ.

ಹೆಸರು, ಸಂಖ್ಯೆಗಳನ್ನು ಮರೆಮಾಡಲು ಪಠ್ಯದ ಮೇಲೆ ಕಪ್ಪು ಬಣ್ಣ ಬಳಿದು ಪಿಡಿಎಫ್ ಮಾಡುವುದು ತೀರಾ ಅಪಾಯಕಾರಿ. ಅಕ್ಷರಗಳು ಕಪ್ಪಿನ ಕೆಳಗೆ ಹಾಗೆಯೇ ಇರುತ್ತವೆ. ಆಯ್ದು ಕಾಪಿ ಮಾಡಿದರೆ ಹೊರಬರುತ್ತವೆ. ಮೂಲ ಕಡತದ ಪ್ರತಿಯೊಂದರಲ್ಲಿ ಆ ಪದಗಳನ್ನು ಅಳಿಸಿ, ಅವುಗಳ ಜಾಗದಲ್ಲಿ ಗೆರೆ ಹಾಕಿ, ಆಮೇಲೆ ಪಿಡಿಎಫ್ ಮಾಡಿ. ಕಡತದ ಗುಣವಿವರಗಳಲ್ಲಿ ಬರೆದವರ ಹೆಸರು ಉಳಿದಿರುತ್ತದೆ ಎಂಬುದೂ ನೆನಪಿರಲಿ. ವಿಂಡೋಸ್‌ನ ವರ್ಡ್‌ನಲ್ಲಿ ಫೈಲ್ ಮೆನುವಿನ ಇನ್ಫೊ ಪುಟದಲ್ಲಿರುವ ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಅದನ್ನು ಹುಡುಕಿ ತೆಗೆಯುತ್ತದೆ.

ಹಂತ 10: ಹಣ ಕೊಟ್ಟು ಕೊಳ್ಳಬೇಕಾದ್ದು ಯಾವಾಗ

ಬರೀ ಪರಿವರ್ತನೆಗೆ ಹಣ ಕೊಡಬೇಕಾಗಿಲ್ಲ. ಪಿಡಿಎಫ್ ಆದಮೇಲೂ ಅದರೊಳಗೆ ತಿದ್ದುವುದು, ಗುಟ್ಟಿನ ಭಾಗಗಳನ್ನು ಶಾಶ್ವತವಾಗಿ ತೆಗೆದುಹಾಕುವುದು, ಸಂಕೀರ್ಣ ಅರ್ಜಿಗಳು, ಟ್ಯಾಗ್‌ಗಳನ್ನು ಕೈಯಿಂದ ಸರಿಪಡಿಸುವುದು ದಿನನಿತ್ಯದ ಕೆಲಸವಾದರೆ ಅಡೋಬಿ ಅಕ್ರೋಬ್ಯಾಟ್‌ನಂಥದ್ದು ಬೇಕಾಗುತ್ತದೆ. ಪಿಡಿಎಫ್‌ಗಳನ್ನು ಕೂಡಿಸಲು, ಪುಟ ಬೇರ್ಪಡಿಸಲು ಪಿಡಿಎಫ್‌ಸ್ಯಾಮ್ ಬೇಸಿಕ್ ಉಚಿತವಾಗಿಯೇ ಸಿಗುತ್ತದೆ.

ನೂರಾರು ಕಡತಗಳನ್ನು ಒಟ್ಟಿಗೆ ಬದಲಿಸಬೇಕಾದರೂ ಕೊಳ್ಳುವ ಅಗತ್ಯವಿಲ್ಲ. ಲಿಬ್ರೆ ಆಫೀಸ್ ಅನ್ನು ಕಿಟಕಿ ತೆರೆಯದೆ ಕಮಾಂಡ್ ಲೈನ್‌ನಿಂದ (ಆದೇಶವನ್ನು ಟೈಪ್ ಮಾಡಿ) ನಡೆಸಿ ಇಡೀ ಫೋಲ್ಡರನ್ನು ಪಿಡಿಎಫ್ ಮಾಡಿಸಬಹುದು. ಆ ಹೊತ್ತಿನಲ್ಲಿ ಲಿಬ್ರೆ ಆಫೀಸ್ ಬೇರೆ ಕಿಟಕಿಯಲ್ಲಿ ತೆರೆದಿದ್ದರೆ ಮುಚ್ಚಿಡಿ, ಇಲ್ಲದಿದ್ದರೆ ಕೆಲಸ ನಡೆಯದೆ ಹೋಗಬಹುದು. ಮುಗಿದಮೇಲೆ ಕಡತಗಳ ಎಣಿಕೆ ತಾಳೆಯಾಗುತ್ತದೆಯೇ ನೋಡಿ.

ಬಣ್ಣದ ಪುಸ್ತಕವನ್ನು ಅಚ್ಚಿಗೆ ಕೊಡುವವರಿಗೆ ಬೇರೆಯದೇ ಮಾತು. ಮುದ್ರಕರು ನಾಲ್ಕು ಬಣ್ಣಗಳ ಸಿಎಂವೈಕೆ ಪದ್ಧತಿಯ, ಅಚ್ಚಿಗೆಂದೇ ರೂಪಿಸಿದ ಪಿಡಿಎಫ್/ಎಕ್ಸ್ ಕೇಳಬಹುದು. ವರ್ಡ್ ಅದನ್ನು ಕೊಡುವುದಿಲ್ಲ. ಉಚಿತವಾದ ಸ್ಕ್ರೈಬಸ್ ಅಥವಾ ಹಣ ಕೊಟ್ಟು ಪಡೆಯುವ ಇನ್‌ಡಿಸೈನ್‌ನಂಥ ಪುಟವಿನ್ಯಾಸದ ತಂತ್ರಾಂಶ ಬೇಕು. ಪುಸ್ತಕ ಕನ್ನಡದ್ದಾದರೆ ಕೆಲಸ ಶುರುಮಾಡುವ ಮೊದಲೇ ಹಂತ 5ರ ಪದಗಳನ್ನು ಅದರಲ್ಲೂ ಪರೀಕ್ಷಿಸಿಕೊಳ್ಳಿ.

ಆರಿಸಿಕೊಂಡ ಮೇಲೆ

ಯಾವ ಆಯ್ಕೆಗಳನ್ನು ಗುರುತು ಮಾಡಿದಾಗ ಫಲಿತಾಂಶ ಚೆನ್ನಾಗಿ ಬಂತೋ ಅವುಗಳನ್ನು ಒಂದು ಕಡೆ ಬರೆದಿಡಿ. ಕಚೇರಿಯಲ್ಲಿ ಹಲವರು ಇದೇ ಕೆಲಸ ಮಾಡುವುದಾದರೆ ಆ ಟಿಪ್ಪಣಿ ಎಲ್ಲರ ಬಳಿಯೂ ಇರಲಿ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಪರೀಕ್ಷೆಯ ಕಡತವನ್ನು ಮತ್ತೊಮ್ಮೆ ಪಿಡಿಎಫ್ ಮಾಡಿ, ಹಳೆಯದರೊಂದಿಗೆ ಹೋಲಿಸಿ.

ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ವರ್ಡ್ 2013ರಿಂದ ಈಚೆಗೆ ಪಿಡಿಎಫ್ ಅನ್ನೇ ವರ್ಡ್‌ನಲ್ಲಿ ತೆರೆಯಬಹುದು ನಿಜ, ಆದರೆ ಅದು ಪುಟದ ನೋಟದಿಂದ ಊಹಿಸಿ ಕಟ್ಟಿದ ಕಡತ. ಕೋಷ್ಟಕಗಳು, ಅಡಿಟಿಪ್ಪಣಿಗಳು, ಕನ್ನಡದ ಒತ್ತಕ್ಷರಗಳು ಅಲ್ಲಿ ಕೆಡುವುದು ಸಾಮಾನ್ಯ. ಪಿಡಿಎಫ್‌ಗೂ ಮೂಲಕ್ಕೂ ಒಂದೇ ಹೆಸರು, ಒಂದೇ ದಿನಾಂಕ ಕೊಟ್ಟು ಒಟ್ಟಿಗೆ ಇಡಿ. ಲಿಬ್ರೆ ಆಫೀಸ್ ಬಳಸುವವರಿಗೆ ಇನ್ನೊಂದು ಅನುಕೂಲವಿದೆ: ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಹೈಬ್ರಿಡ್ ಪಿಡಿಎಫ್ ಆಯ್ಕೆ ಆರಿಸಿದರೆ ತಿದ್ದಬಹುದಾದ ಮೂಲ ಕಡತವೂ ಪಿಡಿಎಫ್‌ನ ಒಳಗೇ ಸೇರಿಕೊಳ್ಳುತ್ತದೆ. ಓದುವವರಿಗೆ ಅದು ಮಾಮೂಲಿ ಪಿಡಿಎಫ್. ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಪೂರ್ತಿ ತಿದ್ದಬಹುದಾದ ಕಡತ. ಹೊರಗಿನವರಿಗೆ ಕಳುಹಿಸುವ ಪ್ರತಿಯಲ್ಲಿ ಈ ಆಯ್ಕೆ ಬೇಡ, ನಿಮ್ಮ ಸಂಗ್ರಹದ ಪ್ರತಿಗಷ್ಟೇ ಸಾಕು.